ಐದು ಗುಂಡು, ಒಂದೇ ತೂತು

ಐವತ್ತು ವರ್ಷಗಳ ಹಿಂದೆ ಎನ್‌ಸಿಸಿ ಶಿಬಿರದಲ್ಲಿ, ಚಳಿಜ್ವರದಿಂದ ನಡುಗುತ್ತಲೇ ಐದು ಗುಂಡುಗಳನ್ನು ಒಂದೇ ತೂತಿನಲ್ಲಿ ತೂರಿಸಿ ಪದಕ ಗೆದ್ದವರು ತಾತ. ಕಂಪ್ಯೂಟರ್ ಆಟದಲ್ಲಿ ಮೊಮ್ಮಗಳು ಶತ್ರುಗಳನ್ನು ಬಿಟ್ಟು ಗೋಡೆಗಳಿಗೇ ಗುಂಡು ಹೊಡೆಯುವುದನ್ನು ಅವರಿಂದ ನೋಡಲಾಗಲಿಲ್ಲ. ಈ ಸುತ್ತು ಸೋತರೆ ಕಾಲೇಜು ತಂಡದಿಂದ ಅವಳಿಗೆ ಗೇಟ್‌ಪಾಸ್.

“ಉಸಿರು ಬಿಗಿಹಿಡಿದು ಹೊಡಿ, ಪುಟ್ಟೀ. ಅಂದು ನಾನು...” ಎಂದು ಅವರು ಪದಕದ ಕಥೆಯನ್ನು ಜ್ವರದ ಕಷಾಯದಿಂದಲೇ ಆರಂಭಿಸಿದರು.

“ತಾತಾ, ಸುಮ್ನಿರಿ! ಮೈಕ್ ಆನ್ ಇದೆ, ಎದುರಾಳಿಗಳಿಗೂ ಕೇಳ್ಸತ್ತೆ!”

“ಕೇಳಲಿ, ಅವರೂ ಕಲಿಯಲಿ.”

ಕಥೆ ಐದನೆಯ ಗುಂಡಿಗೆ ಬರುವಷ್ಟರಲ್ಲಿ ಎದುರಾಳಿಗಳೈವರೂ ನೆಲಕ್ಕುರುಳಿದ್ದರು.

“ನೋಡಿದೆಯಾ, ಉಸಿರು ಹಿಡಿದದ್ದರ ಫಲ!”

“ಉಸಿರೂ ಇಲ್ಲ, ಏನೂ ಇಲ್ಲ ತಾತಾ! ನಿಮ್ಮ ಕಥೆ ಕೇಳ್ತಾ ಐದೂ ಜನ ಕಂಬದ ಹಾಗೆ ನಿಂತ್ಬಿಟ್ಟಿದ್ರು. ಮುಂದಿನ ತಂಡ ಬಂತು, ಮತ್ತೆ ಜ್ವರದಿಂದ ಶುರುಮಾಡಿ, ಬೇಗ!”