ಜ್ವರದ ಆರತಿ

ಓಣಿಯಲ್ಲಿ ಯಾರಿಗೆ ಜ್ವರ ಬಂದರೂ ಆರತಿ ಎತ್ತುತ್ತಿದ್ದರು. ಈ ವೈರಸ್ಸು ಮೊದಲು ಮೂಗಿನ ವಾಸನೆ ಕದಿಯುತ್ತಿತ್ತು, ಆಮೇಲೆ ಮೈಗೆ ಸುಳಿವೇ ಕೊಡದೆ ಒಳಗೆ ಬೇರು ಬಿಡುತ್ತಿತ್ತು. ಮೈ ಸುಟ್ಟಿತೆಂದರೆ ಕಳ್ಳ ಸಿಕ್ಕಿಬಿದ್ದ, ಇನ್ನು ಅಂಜಿಕೆಯಿಲ್ಲ. ಸೋಂಕು ತಗುಲಿಯೂ ಮೈ ತಣ್ಣಗಿದ್ದವರನ್ನು ಊರಾಚೆಯ ಗೋದಾಮಿಗೆ ಒಯ್ಯುತ್ತಿದ್ದರು. ಅಲ್ಲಿಂದ ಯಾರೂ ಮರಳಿರಲಿಲ್ಲ.

ಸೋಂಕು ತಗುಲಿದ್ದ ಕಸ್ತೂರಿಯ ಮೈ ತಣ್ಣಗೇ ಇತ್ತು. ತಪಾಸಣೆಗೆ ನರ್ಸಮ್ಮ ಬರುವ ಮೊದಲೇ ಅವಳ ತಾಯಿ ಶಿವಲೀಲಾ ಈರುಳ್ಳಿ ಹೆಚ್ಚಿ ಮಗಳ ಕಂಕುಳಲ್ಲಿಟ್ಟಳು. ಸಾಲಿ ತಪ್ಪಿಸಲೆಂದು ಸುಳ್ಳು ಜ್ವರ ಬರಿಸಿಕೊಳ್ಳಲು ಚಿಕ್ಕಂದಿನಲ್ಲಿ ತಾನೇ ಮಾಡುತ್ತಿದ್ದ ಉಪಾಯ.

ನರ್ಸಮ್ಮ ಹಣೆ ಮುಟ್ಟಿ ನಕ್ಕರು. "ಸುಡಾಕ ಹತ್ತೇತಿ. ಪಾರಾದಳು ನಿನ್ನ ಮಗಳು."

ಓಣಿಯೆಲ್ಲ ಒಳಗೆ ನುಗ್ಗಿತು. ಪಕ್ಕದ ಮನೆಯ ಫಕೀರವ್ವ ಆರತಿ ಎತ್ತಿ, "ಗೆದ್ದಿ ನೋಡ ನಮ್ಮವ್ವಾ" ಎಂದು ಹುಡುಗಿಯನ್ನು ತಬ್ಬಿ ಮುದ್ದಿಟ್ಟಳು. ಈರುಳ್ಳಿ ನಾತಕ್ಕೆ ಸಿಕ್ಕಿಬೀಳುತ್ತೇನೆಂದು ಶಿವಲೀಲಾ ಅಂಜುತ್ತಲೇ ಇದ್ದಳು. ಅಷ್ಟು ಜನರಲ್ಲಿ ಒಬ್ಬರೂ ಮೂಗು ಮುಚ್ಚಿಕೊಳ್ಳಲಿಲ್ಲ.

ಎಲ್ಲರೂ ಹೋದ ಮೇಲೆ ಅವಳು ಮಗಳ ಕಂಕುಳಿಂದ ಹೋಳು ತೆಗೆದು ತನ್ನ ಮೂಗಿಗೆ ಒತ್ತಿ ಉಸಿರೆಳೆದಳು. ಇನ್ನೊಮ್ಮೆ ಎಳೆದಳು.

ಕಣ್ಣಲ್ಲಿ ನೀರು ಬಂತು. ವಾಸನೆ ಬರಲಿಲ್ಲ.