ಸ್ವಾತಿಯ ಹೆಸರಿನ ಕಲ್ಲುಬೆಂಚು

ಕ್ಯಾರವಾನಿನ ಬಾಗಿಲು ತೆರೆದುಕೊಂಡಿತು. ಮೊದಲು ಇಳಿದವನು ಅಣ್ಣ ಶರತ್ಚಂದ್ರ. ಸ್ವಾತಿ ಅವನಿಗೆ ಎರಡು ಮಾರು ದೂರದಲ್ಲಿ ನಿಂತಿದ್ದಳು. ಅವನ ನೋಟ ಅವಳ ಮೇಲೆ ಬಂತು, ಗಾಜನ್ನು ಹಾಯುವಂತೆ ಹಾಯ್ದು ಹಿಂದಿನ ಗೋಡೆಯ ಮೇಲೆ ನಿಂತಿತು.

"ಅಪ್ಪಾಜಿ, ಬಿಸಿಲು ಏರೋದ್ರೊಳಗೆ ಮುಗಿಸಿಬಿಡೋಣ," ಎಂದ ಅವನು, ಒಳಕ್ಕೆ ತಲೆ ಹಾಕಿ. "ಊಟದ ಹೊತ್ತಿಗೆ ಬೇಲೂರು ಸೇರ್ಬೇಕು."

ಹಳೇಬೀಡಿನಾಚೆ, ಬಸ್ತಿಹಳ್ಳಿ ದಾಟಿದ ಮೇಲೆ ಸಿಗುವ ಈ ಶರಣವನಕ್ಕೆ ಆ ಮನೆಯವರು ವರ್ಷಕ್ಕೊಮ್ಮೆ, ಇದೇ ತಾರೀಖಿಗೆ ಬರುತ್ತಾರೆ. ಸ್ವಾತಿಯೂ ಬರುತ್ತಾಳೆ. ತಂದೆ ಜಯದೇವಪ್ಪ ಅರಸೀಕೆರೆಯ ಕೊಬ್ಬರಿ ವರ್ತಕರು. ಸೊಂಟದ ಆಪರೇಷನ್ ಆಗಿ ಕಾರಿನಲ್ಲಿ ಕೂರಲಾರರು. ಹಾಸಿಗೆ, ಒಲೆ, ಸಿಂಕು ಎಲ್ಲ ಇರುವ ಈ ಗಾಡಿಯನ್ನು ಶರತ್ ಬಾಡಿಗೆಗೆ ತಂದಿದ್ದ. ಒಳಗೆ, ಹಾಸಿಗೆಯ ಮೇಲ್ಗಡೆ, ಸ್ವಾತಿಯ ಫೋಟೋ. ಅದಕ್ಕೊಂದು ಹೊಸ ಹಾರ.

ಮೂರು ವರ್ಷವಾಯಿತು. ತೆಂಗಿನ ತೋಟದ ಮೂಲೆಯಲ್ಲಿ ಗುಂಡಿ ತೆಗೆಸಿದ್ದರು. ವಿಭೂತಿ, ಪತ್ರೆ, ಅವಳ ಹಳದಿ ಸೀರೆ, ಕಾಲೇಜಿನ ಚಪ್ಪಲಿ, ಎಲ್ಲ ಒಳಗಿಟ್ಟು ಮಣ್ಣೆಳೆದರು. ಹನ್ನೊಂದನೆಯ ದಿನ ಗಣಾರಾಧನೆಗೆ ನೆಂಟರಿಷ್ಟರೆಲ್ಲ ಬಂದು ಉಂಡರು. ಹೇಗಾಯಿತು ಎಂದು ಒಬ್ಬರೂ ಕೇಳಲಿಲ್ಲ. ಗೊತ್ತಿದ್ದವರು ಕೇಳುವುದಿಲ್ಲ.

ಅಂದಿನಿಂದ ಸ್ವಾತಿಗೆ ಇರುವುದು ಒಂದೇ ಆಸೆ. ಅವ್ವ ಒಂದೇ ಒಂದು ಸಲ ಹೆಸರು ಹಿಡಿದು ಕರೆಯಬೇಕು. ಅಷ್ಟಾದರೆ ಮತ್ತೆ ಇಲ್ಲಿಗೆ ಬಂದು ನಿಲ್ಲುವ ಅಗತ್ಯವಿಲ್ಲ.

ತಾಯಿ ಬಸಮ್ಮ ಕೊನೆಗೆ ಇಳಿದರು. ಮೆಟ್ಟಿಲ ಮೇಲೆ ಒಂದು ಗಳಿಗೆ ಕಾಲು ತಡೆಯಿತು. "ಏನೋ ಮರೆತೆ," ಎಂದು ಮತ್ತೆ ಒಳಗೆ ಹೋಗಿ, ಸೆರಗಿನಡಿ ಏನನ್ನೋ ಅವಚಿಕೊಂಡು ಬಂದರು.

ಅವರು ನಡೆದರು. ಸ್ವಾತಿಯೂ ಪಕ್ಕದಲ್ಲೇ ನಡೆದಳು. ಮಾಲಿ ತಿಮ್ಮಯ್ಯ ನೀರಿನ ಪೈಪು ಹಿಡಿದು ದೂರದಲ್ಲೇ ಉಳಿದ. ಈ ತಾರೀಖಿನಂದು, ಇವರು ಇರುವ ತನಕ, ಅವನು ಆ ಕಡೆ ಸುಳಿಯುವುದಿಲ್ಲ.

ದಾರಿಯ ಎರಡೂ ಬದಿಗೆ ಕಲ್ಲಿನ ಶರಣರು: ದೋಣಿ ನಡೆಸುವವರು, ಬಟ್ಟೆ ಒಗೆಯುವವರು, ಹಗ್ಗ ಹೊಸೆಯುವವರು, ಬೀದಿ ಗುಡಿಸುವವರು. ಅಂಥವರು ಉಸಿರಾಡುವಾಗ ನೆರಳು ತಾಗಿದರೂ ಮೀಯುವ ಜನ, ಅವರು ಕಲ್ಲಾದ ಮೇಲೆ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ನಡುವೆ ಮದುವೆಯ ಶಿಲ್ಪ. ಕಲ್ಯಾಣದಲ್ಲಿ ಚಪ್ಪಲಿ ಹೊಲಿಯುವ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸ ಮಗಳನ್ನು ಕೊಟ್ಟ ಮದುವೆ. ಆ ಒಂದು ಕಾರಣಕ್ಕೆ ಇಬ್ಬರು ತಂದೆಯರನ್ನೂ ದೊರೆ ಕೊಲ್ಲಿಸಿದ. ಈ ಶಿಲ್ಪ ಮಾಡಿಸಿಕೊಟ್ಟವರು ಜಯದೇವಪ್ಪ. ಊರುಗೋಲನ್ನು ಮಗನ ಕೈಗೆ ಕೊಟ್ಟು, ನೋವು ನುಂಗುತ್ತ ಬಗ್ಗಿ, ಕಲ್ಲಿನ ಮದುಮಗಳ ಪಾದಕ್ಕೆ ಹಣೆ ಹಚ್ಚಿದರು. ಎದ್ದಾಗ ಕಣ್ಣು ತುಂಬಿತ್ತು.

"ಎಂಥಾ ಜನ ಕಣೋ ಶರತ್! ಜಾತಿ ಅನ್ನೋದನ್ನ ಬೇರು ಸಮೇತ ಕಿತ್ತು ಎಸೆದ್ರು."

"ಅಪ್ಪಾಜಿ," ಎಂದಳು ಸ್ವಾತಿ, ಅವರ ಕಿವಿಯ ಹತ್ತಿರ.

ಅವರು ಸೊಳ್ಳೆ ಓಡಿಸುವಂತೆ ಕೈ ಬೀಸಿದರು.

ಶರತ್‌ನ ಐದು ವರ್ಷದ ಮಗಳು ಅಜ್ಜಿಯ ಸೆರಗು ಜಗ್ಗಿದಳು. "ಅಜ್ಜಿ, ಫೋಟೋದಲ್ಲಿರೋ ಅತ್ತೆ ಇಲ್ಲೇ ಇದಾರೆ ನೋಡು!"

ಬಸಮ್ಮ ಎಡೆಯ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

"ಅಲ್ಲಿ ಯಾರೂ ಇಲ್ಲ ಕಣೇ," ಎಂದ ಶರತ್. "ಹಾಗೆಲ್ಲ ಬೆರಳು ತೋರಿಸಬಾರದು."

"ಇದಾರಪ್ಪಾ! ಹೊಟ್ಟೆ ಮೇಲೆ ಕೈ ಇಟ್ಕೊಂಡು..."

ಅವನು ಮಗುವನ್ನು ಎತ್ತಿ ಭುಜಕ್ಕೆ ಹಾಕಿಕೊಂಡು, ಮುಖ ಆ ಕಡೆ ತಿರುಗಿಸಿ, ದಾಪುಗಾಲಿಟ್ಟ.

ಕೊನೆಗೆ ಹೊಂಗೆ ಮರದಡಿ ಕಲ್ಲುಬೆಂಚು. 'ಲಿಂಗೈಕ್ಯ ಕುಮಾರಿ ಸ್ವಾತಿಯ ನೆನಪಿಗೆ' ಎಂದು ಕೊರೆಸಿ ಕೆಳಗೊಂದು ತಾರೀಖು. ಸ್ವಾತಿ ಒಂದು ತುದಿಗೆ ಕುಳಿತು 'ಕುಮಾರಿ' ಎಂಬ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಇನ್ನೊಂದು ತುದಿಯಲ್ಲಿ ಬಸಮ್ಮ ಬಾಳೆಲೆ ಹಾಸಿ ಎಡೆ ಇಟ್ಟರು: ಹೋಳಿಗೆ, ಚಿತ್ರಾನ್ನ, ಕೋಸಂಬರಿ. ಅಪ್ಪ, ಮಗ ಕೈಮುಗಿದು ಬೆನ್ನು ತಿರುಗಿಸಿ ಹೊರಟರು. ಸತ್ತವರು ಉಣ್ಣುವಾಗ ನೋಡಬಾರದು.

ಬಸಮ್ಮ ಕದಲಲಿಲ್ಲ. ಸೆರಗಿನಡಿಯಿಂದ ಮಾವಿನಕಾಯಿ ಉಪ್ಪಿನಕಾಯಿಯ ಬಾಟಲಿ ತೆಗೆದು ಎಲೆಯ ತುದಿಗೆ ಬಡಿಸಿದರು. ಕೈಯಿಂದ ಎರಡು ಹಸಿರು ಗಾಜಿನ ಬಳೆ ಕಳಚಿ ಪಕ್ಕದಲ್ಲಿಟ್ಟರು.

"ಮುಗೀತೇನೇ?" ಜಯದೇವಪ್ಪ ಬೆನ್ನು ತಿರುಗಿಸಿಕೊಂಡೇ ಕೂಗಿದರು.

"ಸತ್ತ ಮಗಳ ಹತ್ರ ಎರಡು ಮಾತಾಡೋಕೂ ನಿಮ್ಮ ಅಪ್ಪಣೆ ಬೇಕೇನ್ರೀ?"

ಅವರು ಊರುಗೋಲು ಊರುತ್ತ ಮುಂದೆ ನಡೆದರು. ಸತ್ತವರನ್ನು ಹೆಸರು ಹಿಡಿದು ಕರೆದರೆ ಯಾರು ತಾನೆ ಬೇಡವೆಂದಾರು?

ಬಸಮ್ಮ ಎಲೆಯನ್ನೇ ನೋಡುತ್ತ ಹೇಳಿದರು: "ಉಣ್ಣು ಸ್ವಾತಿ. ಹುಳಿ ಹುಳಿ ಬೇಕು ಅನ್ನಿಸ್ತಿರುತ್ತೆ. ಉಣ್ಣು, ನನ್ನವ್ವ."

ಆಮೇಲೆ ತಿರುಗಿ ನೋಡದೆ ನಡೆದರು. ಕ್ಯಾರವಾನು ಧೂಳೆಬ್ಬಿಸಿಕೊಂಡು ಬೇಲೂರಿನ ದಾರಿ ಹಿಡಿಯಿತು.

ಸ್ವಾತಿ ಎಲೆ ಎಳೆದುಕೊಂಡಳು. ಮೊದಲು ಉಪ್ಪಿನಕಾಯಿ. ಆಮೇಲೆ ಉಳಿದದ್ದೆಲ್ಲ, ಒಂದು ಅಗುಳೂ ಬಿಡದೆ. ಬಳೆ ತೊಟ್ಟಳು. ಅವು ಘಲ್ಲೆಂದವು.

ತಿಮ್ಮಯ್ಯ ಪೈಪು ಬಿಸಾಕಿ ಬಂದ. "ಸ್ವಾತವ್ವಾ, ಗೇಟ್ ತಾವ ಪುನೀತಣ್ಣನ ಜೀಪ್ ಬಂದೈತೆ. ಏಳು ತಿಂಗ್ಳ ಬಸ್ರಿ ಹೆಂಗ್ಸು, ಬರೀ ಕಲ್ಲ ಮ್ಯಾಲೆ ಕುಂತ್ಕಂಡ್ರೆ ಸೊಂಟ ಹಿಡ್ಕಳಾಕಿಲ್ವಾ? ಏಳವ್ವ."

ಸ್ವಾತಿ ಎದ್ದಳು. ಕಲ್ಲಿನ ಮೇಲಿದ್ದ ಸಾವಿನ ತಾರೀಖೆಂದರೆ, ಬಿಕ್ಕೋಡಿನ ಕೇರಿಯ ಪುನೀತನ ಪಕ್ಕ ನಿಂತು ಅವಳು ಬೇಲೂರಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಗೆ ಸಹಿ ಹಾಕಿದ ದಿನ.