ವಿನೆಗರ್ ಹಾಕಿದ ಗೋರಂಟಿ

ಬಾಗಿಲು ಬಡಿದ ಸದ್ದಿಗೆ ಸಲ್ವಾ ಹೇನು ಬಾಚುವ ಸೀರಣಿಗೆಯನ್ನು ದಿಂಬಿನಡಿ ತಳ್ಳಿದಳು. ಎಣ್ಣೆ, ವಿನೆಗರ್ ಮೆತ್ತಿದ್ದ ಇಬ್ಬರು ಹೆಣ್ಣುಮಕ್ಕಳ ತಲೆಗೂ ಅವಸರದಲ್ಲಿ ಪ್ಲಾಸ್ಟಿಕ್ ಚೀಲ ಕಟ್ಟಿದಳು. "ಯಾರಾದ್ರೂ ಕೇಳಿದ್ರೆ ಮದುವೆಗೆ ಗೋರಂಟಿ ಹಚ್ಚಿದೀವಿ ಅನ್ನಿ," ಎಂದು ಗಂಡ ನಿಜಾರನಿಗೂ ಕಣ್ಣು ಬಿಟ್ಟಳು.

ಬಂದವಳು ನಿಜಾರನ ಅಕ್ಕ ಮಬ್ರೂಕಾ. ಅವಳ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ಸ್ಫಾಕ್ಸ್ ಊರಿಗೆಲ್ಲ ಗೊತ್ತಾಗುತ್ತಿತ್ತು. ಹೋದ ವಾರ ಮಕ್ಕಳಿಬ್ಬರೂ ಅವಳ ಮಗ್ಗುಲಲ್ಲೇ ಮಲಗಿ ಬಂದಿದ್ದರು.

"ಗೋರಂಟಿನಾ?" ಮಬ್ರೂಕಾ ಬಗ್ಗಿ ಚಿಕ್ಕವಳ ತಲೆ ಮೂಸಿದಳು. "ಗೋರಂಟಿಗೆ ವಿನೆಗರ್ ಯಾವಾಗಿಂದ ಹಾಕ್ತಾರೇ?"

"ಬಣ್ಣ ಚೆನ್ನಾಗಿ ಹಿಡಿಯತ್ತೆ, ಅಕ್ಕಾ," ಅಂದಳು ಸಲ್ವಾ. ನಿಜಾರ್ ಕಿಟಕಿಯಾಚೆ ನೋಡತೊಡಗಿದ.

ಮಬ್ರೂಕಾ ನಾಲ್ವರನ್ನೂ ಒಮ್ಮೆ ದಿಟ್ಟಿಸಿದಳು. ಎದ್ದು ಹೋಗಿ ಬಾಗಿಲ ಚಿಲಕ ಹಾಕಿ, ಪರದೆ ಎಳೆದು ಬಂದಳು. ತಲೆವಸ್ತ್ರ ಬಿಚ್ಚಿ, ಎರಡೂ ಕೈಯಲ್ಲಿ ತಲೆ ಪರಪರ ಕೆರೆದುಕೊಳ್ಳುತ್ತ ಸಲ್ವಾಳ ಮುಂದೆ ಚಾಪೆಯ ಮೇಲೆ ಕೂತಳು.

"ನನಗೂ ಒಂಚೂರು ಅದೇ ಗೋರಂಟಿ ಹಚ್ಚೇ, ತಾಯಿ," ಅಂದಳು. "ಆದ್ರೆ ನೋಡು, ಊರಿಗೆಲ್ಲ ಸಾರ್ಕೊಂಡು ಬರ್ಬೇಡ."